ಬಾಲಮ್ಮ ನೂತದ್ದು

ಶ್ರೀನಗರ
5 ಜನವರಿ 2025

ಲಲಿತವ್ವಾ,

ದೇವದುರ್ಗದಲ್ಲಿ ನೀವೆಲ್ಲ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಕುಳಿತು ಚಹಾ ಕುಡಿಯುವ ಹೊತ್ತಿಗೆ ನಿನ್ನ ಅಕ್ಕನ ಗಂಡ ಕನಕರಾಯ ಇಲ್ಲಿ ತನ್ನ ಮೂಗು ಇದ್ದಲ್ಲೇ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ. ಇದೆ. ಐ ಆ್ಯಮ್ ಕ್ವೈಟ್ ವೆಲ್ ಅಂಡ್ ಹೋಪ್ ಟು ಹಿಯರ್ ದಿ ಸೇಮ್ ಫ್ರಮ್ ಯು. ಅಂದರೆ ನಾನು ಕ್ಷೇಮ, ನೀವೂ ಹಾಗೇ ಇರಿ.

ಫೋನು ಯಾಕೆ ಹತ್ತುತ್ತಿಲ್ಲ ಎಂದು ಗಾಬರಿ ಬೇಡ. ಹೊರಗಿನ ಪ್ರೀಪೇಡ್ ಸಿಮ್ ಈ ಸೀಮೆಯಲ್ಲಿ ನಡೆಯುವುದಿಲ್ಲವಂತೆ. ಘಾಟು ಹತ್ತುವ ಮೊದಲೇ ನನ್ನದು ಕಣ್ಣು ಮುಚ್ಚಿತು. ಮನೆಯೊಡೆಯನ ಫೋನಿನಿಂದ ನಿನ್ನ ಮಗಳು ಕಾವ್ಯಾಗೆ ‘ಮುಟ್ಟಿದೆ’ ಎಂದು ಒಂದು ಮಾತು ಹೇಳಿದ್ದೇನೆ. ಮುಂದಿನದು ಪತ್ರದಲ್ಲೇ ಆಗಲಿ. ಫೋನಿನಲ್ಲಿ ನನಗೆ ‘ಹೂಂ, ಆತು, ಇಡ್ತೀನಿ’ ಬಿಟ್ಟು ಬೇರೇನೂ ಹೊಳೆಯುವುದಿಲ್ಲ ಎಂದು ನಿನ್ನ ಅಕ್ಕ ಬಾಲಮ್ಮನೇ ಹೇಳುತ್ತಿದ್ದಳಲ್ಲ.

ಈ ವಯಸ್ಸಿನಲ್ಲಿ, ಅದೂ ಜನವರಿಯಲ್ಲಿ, ಈ ಮನುಷ್ಯ ಕಾಶ್ಮೀರಕ್ಕೆ ಯಾಕೆ ಹೋದ ಎಂದು ನಿಮ್ಮಲ್ಲಿ ಚರ್ಚೆ ನಡೆದಿರುತ್ತದೆ. ನಮ್ಮ ರಾಯಚೂರಿನ ಮನೆಯ ನಡುಗೋಡೆಯ ಕ್ಯಾಲೆಂಡರ್ ನೆನಪಿದೆಯೆ? ನಾನು ಉಣ್ಣೆ ಆಫೀಸಿನಲ್ಲಿ ಗುಮಾಸ್ತನಾಗಿದ್ದಾಗ ಬಂದದ್ದು. ಹಿಮದ ಗುಡ್ಡ, ಅದರ ಮುಂದೆ ರಾಟಿಗೆ ಕೂತ ಕಾಶ್ಮೀರಿ ಹುಡುಗಿ. ವರ್ಷ ಮುಗಿದರೂ ಬಾಲಮ್ಮ ಅದನ್ನು ಇಳಿಸಲು ಬಿಡಲಿಲ್ಲ. ತನ್ನ ರಾಟಿ ತಿರುಗಿಸುತ್ತ ಆ ಹುಡುಗಿಯನ್ನು ನೋಡಿ ನಗುತ್ತಿದ್ದಳು. ‘ಇಕಿ ನೂಲಾಕತ್ತಿಲ್ರೀ, ಫೋಟೋಕ್ಕ ಕುಂತಾಳ. ಎಡಗೈ ನೋಡ್ರಿ, ಎಳಿ ಎಲ್ಲದ? ಅಲ್ಲಿಗಿ ಹೋಗಿ ಖರೇ ನೂಲಾಕಿ ಒಬ್ಬಾಕಿನ್ನ ನೋಡಿ ಬರಬೇಕ್ರೀ.’ ರಿಟೈರ್ ಆಗಲಿ, ಹೋಗೋಣ ಎಂದೆ. ಆದೆ. ಅಷ್ಟರಲ್ಲಿ ಆ ಶ್ರಾವಣ ಬಂತು, ಅವಳು ಹೋದಳು. ಎರಡು ವರ್ಷ ಆ ಹುಡುಗಿಯ ಎದುರು ನಾನೊಬ್ಬನೇ ಕುಳಿತೆ. ಈಗ ಕ್ಯಾಲೆಂಡರ್ ಸುತ್ತಿ ಚೀಲದಲ್ಲಿಟ್ಟುಕೊಂಡು ಬಂದುಬಿಟ್ಟಿದ್ದೇನೆ.

ಟ್ರಾವೆಲ್ಸಿನ ಪಂಪಾಪತಿ ಬೇಡವೆಂದ. ‘ಯಪ್ಪಾ, ಏಪ್ರಿಲ್‌ನಾಗ ಹೋಗ್ರಿ, ಹೂವಿನ ಸೀಜನ್. ಈಗ ಅಲ್ಲಿ ನಾಯಿ ಸೈತ ಹೊರಗ ಬರಂಗಿಲ್ಲ’ ಎಂದ. ಹೂವಿನಿಂದ ನನಗೇನಾಗಬೇಕು? ಜನವಿಲ್ಲದಾಗಲೇ ಊರು ತನ್ನ ಪಾಡಿಗೆ ತಾನಿರುತ್ತದೆ, ಫೋಟೋಕ್ಕೆ ಕೂರುವುದಿಲ್ಲ. ಹಾಗೇ ಇದೆ. ದೊಡ್ಡ ಊರು, ಬಹಳ ಹಳೆಯದು. ನಮ್ಮ ಕೋಟೆಯಂತೆ ಇಲ್ಲೂ ಗುಡ್ಡದ ಮೇಲೊಂದು ಕೋಟೆ. ಸರೋವರದ ಅಂಚು ಗಾಜಾಗಿದೆ. ದೋಣಿಗಳ ಮೇಲೆ ತಾಡಪತ್ರಿ ಹೊದಿಸಿ ದೋಣಿಯವರು ಬೆಂಕಿ ಕಾಯುತ್ತಾರೆ. ನಾನು ಹಾದುಹೋದರೆ ಪ್ರವಾಸಿ ಎಂದು ಒಬ್ಬನಾದರೂ ಏಳಬೇಕಲ್ಲ. ನನ್ನ ಮುಖ ನೋಡಿ ಪಾಪ ಎಂದುಕೊಂಡು ಕೂತೇ ಸಲಾಂ ಹೇಳುತ್ತಾರೆ.

ಪಿಯುಸಿಯಲ್ಲಿ ‘ಎ ವಿಜಿಟ್ ಟು ಎ ಹಿಸ್ಟಾರಿಕಲ್ ಸಿಟಿ’ ಎಂಬ ಪ್ರಬಂಧವನ್ನು ಬಾಯಿಪಾಠ ಮಾಡಿದ್ದೆ. ‘ದಿ ಸಿಟಿ ಈಸ್ ಸಿಚುಯೇಟೆಡ್ ಆನ್ ದಿ ಬ್ಯಾಂಕ್ಸ್ ಆಫ್ ದಿ ರಿವರ್’ ಎಂದು ಶುರು. ಯಾವ ಊರು ಕೇಳಿದರೂ ನದಿಯ ಹೆಸರೊಂದು ಬದಲಿಸಿದರಾಯಿತು. ಈಗ ನಿಜವಾಗಿ ಝೇಲಂ ನದಿಯ ದಂಡೆಯ ಮೇಲೆ ನಿಂತಿದ್ದೇನೆ, ಮುಂದಿನ ಸಾಲು ಬರುತ್ತಿಲ್ಲ.

ಇಳಿದುಕೊಂಡದ್ದು ಹಳೇ ಪೇಟೆಯಲ್ಲಿ, ಗುಲಾಮ್ ರಸೂಲ್ ಎಂಬವನ ಮನೆಯ ಮೇಲಿನ ಕೋಣೆಯಲ್ಲಿ. ಅವನೂ ಅವನ ತಾಯಿಯೂ ಇಬ್ಬರೇ. ತಾಯಿಯ ಹೆಸರು ಝೂನಾ. ಎಲ್ಲರೂ ಝೂನ ದೇದ್ ಅನ್ನುತ್ತಾರೆ, ದೇದ್ ಎಂದರೆ ಅಜ್ಜಿ. ಅವಳಿಗೆ ಕಾಶ್ಮೀರಿ ಬಿಟ್ಟು ಬೇರೆ ಬಾರದು. ರಸೂಲ್ ಜೊತೆ ನನ್ನ ರಾಯಚೂರು ಉರ್ದು ನಡೆಯುತ್ತದೆ. ಮೊದಲ ದಿನ ಇನ್ನೊಂದು ರೊಟ್ಟಿ ಹಾಕಲು ಬಂದಾಗ ‘ನಕ್ಕೋ, ನಕ್ಕೋ’ ಎಂದೆ. ಬೇಡ ಅನ್ನುವುದಕ್ಕೆ ಅಂಥ ಮಾತು ಅವರು ಕೇಳಿಯೇ ಇರಲಿಲ್ಲ. ಈಗ ಮುದುಕಿ ಬೆಕ್ಕಿಗೂ ‘ನಕ್ಕೋ’ ಅನ್ನುತ್ತಾಳೆ.

ಒಂದು ಮಾತು. ದಸರೆಗೆ ಮುಂಚೆ ನೀನು ಎರಡು ಸಲ ರಾಯಚೂರಿಗೆ ಬಂದೆ. ಎರಡೂ ಸಲ ಚಹಾ ಕುಡಿದು, ಪಾತ್ರೆ ತೊಳೆದಿಟ್ಟು, ಏನೋ ಹೇಳಲು ಬಾಯಿ ತೆರೆದು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದೆ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಬರೆ.

ಫೆಬ್ರವರಿ ಕೊನೆಯವರೆಗೆ ಇಲ್ಲಿರುವ ಯೋಚನೆ. ಆಫ್ ಸೀಜನ್ ಬಾಡಿಗೆ ನನ್ನ ಪಿಂಚಣಿಗೆ ಒಗ್ಗುತ್ತದೆ. ಹೊದೆಯಲು ಬೇಕಾದಷ್ಟಿದೆ, ಚಿಂತೆ ಬೇಡ.

ಚಳಿಯಲ್ಲಿ ಬೆರಳು ಮಡಚಲಾರದ
ಕನಕರಾಯ


ದೇವದುರ್ಗ
14 ಜನವರಿ 2025, ಸಂಕ್ರಮಣ

ಮಾವಾ,

ನಿಮ್ಮ ಕಾಗದ ನಿನ್ನಿ ಬಂತು. ಕಾವ್ಯಾ ಎಲ್ಲಾರಿಗೂ ಕೇಳೂವಂಗ ಓದಿದಳು, ಆಮ್ಯಾಲ ನಾ ಒಬ್ಬಾಕಿನ ಕುಂತು ಇನ್ನೊಮ್ಮಿ ಓದಿದೆ. ನಾ ಏಳನೇತ್ತಕ್ಕ ಸಾಲಿ ಬಿಟ್ಟಾಕಿ, ಮಾತಾಡಿದಂಗ ಬರೀತೀನಿ, ನಗಬ್ಯಾಡ್ರಿ. ನಿಮ್ಮ ಇಂಗ್ಲೀಷು ಕಾವ್ಯಾಗೂ ಅರ್ಧ ತಿಳೀಲಿಲ್ಲ. ಆಸ್ಪತ್ರಿ ನರ್ಸಿನ ಇಂಗ್ಲೀಷು ಬ್ಯಾರೆ ಅದಂತ.

ಸುದ್ದಿ ಏನಂದ್ರ, ನನ್ನ ಮಗಳ ಲಗ್ನ ಗಟ್ಟಿ ಆಗೇದ. ಹುಡುಗ ಅಮೋಘಸಿದ್ದ, ಕುರ್ಡಿಯವ. ಮಾನ್ವಿಯಾಗ ಕಾವ್ಯಾ ಕೆಲಸ ಮಾಡೋ ಆಸ್ಪತ್ರಿ ಮುಂದನ ಔಷಧದ ಅಂಗಡಿ ಇಟ್ಟಾನ. ಯಾರು ಯಾರಿಗೆ ಮೊದ್ಲು ನೋಡಿದ್ರು ಅಂತ ನಾವು ಕೇಳಿಲ್ಲ, ಅವರೂ ಹೇಳಿಲ್ಲ. ಮಾರ್ಚ್ ಒಂಬತ್ತು, ಐತವಾರ, ಮಾನ್ವಿಯಾಗ.

ನಮ್ಮ ಮನೆತನದ ಪದ್ಧತಿ ನಿಮಗ ಗೊತ್ತೇ ಅದ. ಕರೀ ಕಂಬಳಿ ಹಾಸಿ, ಅರಿಷಿಣದ ಭಂಡಾರ ಹಚ್ಚಿ, ಗದ್ದಿಗಿ ಮಾಡಿ ಅದರ ಮ್ಯಾಲ ಮದುಮಕ್ಕಳು ಕುಂತರನ ಅಕ್ಕಿಕಾಳು. ಅಂಗಡಿ ಕಂಬಳಿ ಆಗಂಗಿಲ್ಲ. ಮನಿ ಹೆಣ್ಮಗಳು ನೂತದ್ದಾಗಬೇಕು, ನೂತಾಕಿನ ಹಾಸಬೇಕು. ಅಕಿ ಇಲ್ಲಂದ್ರ ಅಕಿ ಗಂಡ. ಅಕ್ಕ ಎರಡು ವರ್ಷ ನೂತು, ಮಾನ್ವಿ ಯಂಕಣ್ಣನ ಮಗ್ಗಕ್ಕ ಕೊಟ್ಟು ಕಂಬಳಿ ನೇಯಿಸಿದ್ದು ಇದಕ್ಕನ. ತನಗ ಮಕ್ಕಳಿಲ್ಲ ಅಂತ ಅಕಿ ಎಂದರ ಅಂದಾಳನು? ಕಾವ್ಯಾ ಇದ್ದಳಲ್ಲ.

ನೀವು ಕೊಟ್ಟುಹೋದ ಕೀಲಿ ತಗೊಂಡು ಕಾವ್ಯಾ ನಿಮ್ಮ ಮನಿಗಿ ಹೋಗಿ ಬಂದಳು. ಟ್ರಂಕ್‌ನಾಗ ಕಂಬಳಿ ಇಲ್ಲ, ಅಟ್ಟದ ಮ್ಯಾಲ ಇಲ್ಲ, ಹಾಸಿಗಿ ಮ್ಯಾಲೂ ಇಲ್ಲ. ಎಲ್ಲಿಟ್ಟೀರಿ ಅಂತ ತಿಳಿಸ್ರಿ. ಮುಂಚೇನ ತಂದು ಇಟ್ಕೊಂಡ್ರ ನನಗೂ ಸಮಾಧಾನ.

ನಿಮ್ಮಿಂದ ಏನೂ ತಪ್ಪಾಗಿಲ್ಲ. ಬಸ್ಸಿಗಿ ಖರೇನ ಹೊತ್ತಾಗಿತ್ತು.

ಕಾಲಿಗಿ ಸಾಕ್ಸ್ ಹಾಕ್ಕೊಳ್ರಿ. ಎಳ್ಳುಬೆಲ್ಲ ಕಾಗದದಾಗ ಇಡಬೇಕಂದೆ, ಇರಿವಿ ಹತ್ತತಾವಂತ ಬಿಟ್ಟೆ.

ಲಲಿತಾ


ಶ್ರೀನಗರ
24 ಜನವರಿ 2025

ಲಲಿತವ್ವಾ,

ಕಾವ್ಯಾಗೆ ನನ್ನ ಆಶೀರ್ವಾದ. ಮೆನಿ ಮೆನಿ ಹ್ಯಾಪಿ ರಿಟರ್ನ್ಸ್ ಎಂದು ಬರೆಯಲು ಹೊರಟಿದ್ದೆ, ಅದು ಹುಟ್ಟುಹಬ್ಬಕ್ಕೆ ಎಂದು ನೆನಪಾಯಿತು. ಅಮೋಘಸಿದ್ದ ಒಳ್ಳೆಯ ಹೆಸರು. ಔಷಧದ ಅಂಗಡಿಯವನಾದರೆ ಲೆಕ್ಕದ ಮನುಷ್ಯನಿರುತ್ತಾನೆ, ಮಾತು ಕಡಿಮೆ. ನಮ್ಮ ಕೂಸು ಎರಡರಷ್ಟು ಮಾತಾಡಿ ಸರಿದೂಗಿಸುತ್ತದೆ ಬಿಡು.

ಇಲ್ಲಿ ಹಿಮ ಬಿತ್ತು. ಹೇಗೆ ಹೇಳಲಿ? ಹತ್ತಿ ಬಿಡಿಸುವ ಕಾಲದಲ್ಲಿ ಗಿಲ್ಲೆಸುಗೂರಿನ ಬಸ್ಸಿನೊಳಗೆ ಹತ್ತಿಯ ಎಳೆ ಹಾರಾಡುತ್ತದಲ್ಲ, ಹಾಗೆ, ಸದ್ದಿಲ್ಲದೆ. ಎದುರಿನ ಮಸೀದಿಯ ಮರದ ಮಾಡು, ನದಿಯ ಮೆಟ್ಟಿಲು, ನಿಲ್ಲಿಸಿದ ಆಟೋಗಳು, ಎಲ್ಲಕ್ಕೂ ಒಂದೇ ಬಣ್ಣ. ಚಿನಾರ್ ಮರಗಳಲ್ಲಿ ಒಂದೂ ಎಲೆಯಿಲ್ಲ. ಶಾಲಿನ ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಂಡಿವೆ. ಒಬ್ಬ ಅಂಗಡಿಯವನು ನನ್ನನ್ನು ಒಳಗೆ ಕರೆದು, ಏನೂ ಮಾರದೆ, ತನ್ನ ಮಂಡಿನೋವಿನ ಕಥೆ ಹೇಳಿ, ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಕುಡಿಸಿ ಕಳಿಸಿದ. ಸೀಜನ್‌ನಲ್ಲಿ ಬಂದಿದ್ದರೆ ಶಾಲು ಸಿಗುತ್ತಿತ್ತು, ಮಂಡಿನೋವು ಸಿಗುತ್ತಿರಲಿಲ್ಲ.

ಈ ಚಹಾಕ್ಕೆ ಉಪ್ಪು ಯಾಕೆಂದು ಕೇಳಿದೆ. ನಿಮ್ಮ ಚಹಾಕ್ಕೆ ಸಕ್ಕರೆ ಯಾಕೆಂದು ಕೇಳಿದ. ಇನ್ನೊಂದು ಲೋಟ ಕುಡಿದೆ.

ಈಗ ಮುಖ್ಯವಾದದ್ದು. ಬಾಲಮ್ಮ ಕೇಳಿದ್ದ ಖರೇ ನೂಲುವ ಹೆಂಗಸು ನನಗೆ ಸಿಕ್ಕಿದಳು, ಹುಡುಕಬೇಕಾಗಲಿಲ್ಲ. ನಾನಿರುವ ಮನೆಯ ಕೆಳಗೇ ಇದ್ದಾಳೆ. ಝೂನ ದೇದ್ ದಿನಾ ಊಟವಾದ ಮೇಲೆ ಗೋಡೆಗೊರಗಿ ರಾಟಿಯ ಮುಂದೆ ಕೂರುತ್ತಾಳೆ. ನಮ್ಮ ರಾಟಿಗಿಂತ ಹಗುರ. ಎಳೆ ಕಣ್ಣಿಗೆ ಕಾಣುವುದಿಲ್ಲ, ಕೈ ಹೋಗುವುದಷ್ಟೇ ಕಾಣುತ್ತದೆ. ಒಂದು ದಿನ ಧೈರ್ಯ ಮಾಡಿ ಕ್ಯಾಲೆಂಡರ್ ಬಿಚ್ಚಿ ಅವಳ ಮುಂದಿಟ್ಟೆ. ಮುದುಕಿ ಕನ್ನಡಕ ಏರಿಸಿ ನೋಡಿದಳು. ಆಮೇಲೆ ಏನೋ ಅಂದಳು, ರಸೂಲ್ ನಗತೊಡಗಿದ. ‘ಅಮ್ಮಾ ಬೋಲ್ತಿ, ಯೇ ಲಡ್ಕಿ ಕಾತ್ತಿ ನಹೀ, ಫೋಟೋಕೋ ಬೈಠೀ’ ಎಂದ. ಈ ಹುಡುಗಿ ನೂಲುತ್ತಿಲ್ಲ, ಫೋಟೋಕ್ಕೆ ಕೂತಿದ್ದಾಳೆ, ಎಂದು. ನಂತರ ಝೂನ ದೇದ್ ಬೆರಳಿನಿಂದ ಆ ಹುಡುಗಿಯ ಎಡಗೈ ತೋರಿಸಿದಳು.

ನಾನು ಎದ್ದು ಹೊರಗೆ ಹೋದೆ. ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ಇಲ್ಲಿ, ಯಾರೂ ಏನೂ ಕೇಳುವುದಿಲ್ಲ.

ಮರಳಿ ಬಂದು ನಿಮ್ಮಿಬ್ಬರ ಸುದ್ದಿ ಹೇಳಿದೆ. ಅಕ್ಕ ತಂಗಿ ಎದುರುಬದುರು ರಾಟಿ ಹಾಕಿ ಕೂರುತ್ತಿದ್ದದ್ದು. ನಿನ್ನ ನೂಲಿನ ಮೇಲೆ ಬಾಲಮ್ಮ ಕೈಯಾಡಿಸಿ, ‘ಲಲಿತಾನ ಎಳಿ ಅಂದ್ರ ಹುಣಸೀಕಾಯಿ ಇದ್ದಂಗ, ಗೇಣಿಗೊಂದು ಉಬ್ಬು’ ಎಂದು ಚುಡಾಯಿಸುತ್ತಿದ್ದದ್ದು. ನೀನು ಸಿಟ್ಟಿನಿಂದ ಉಣ್ಣೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದದ್ದು. ಮುದುಕಿಗೆ ಬಹಳ ಸಂತೋಷವಾಯಿತು. ತಂಗಿಯನ್ನು ಇಲ್ಲಿಗೆ ಕಳಿಸು, ನಾನು ಕಲಿಸುತ್ತೇನೆ ಎಂದಳು.

ಪ್ರಬಂಧದ ಇನ್ನೊಂದು ಸಾಲು ನೆನಪಾಗಿದೆ: ‘ಇಟ್ ಈಸ್ ಫೇಮಸ್ ಫಾರ್ ಇಟ್ಸ್ ಮಾನ್ಯುಮೆಂಟ್ಸ್ ಅಂಡ್ ಹ್ಯಾಂಡಿಕ್ರಾಫ್ಟ್ಸ್.’ ಸಾಲು ಸಣ್ಣದಾಯಿತು.

ಕಂಬಳಿ ಭದ್ರವಾಗಿದೆ. ಚಿಂತೆ ಬೇಡ.

ರಸೂಲ್ ಸೇತುವೆಯ ಮೇಲೆ ನನ್ನದೊಂದು ಫೋಟೋ ತೆಗೆದು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದ, ಇದರ ಜೊತೆ ಇಟ್ಟಿದ್ದೇನೆ. ಹಿಂದೆ ಕಾಣುವುದು ಝೇಲಂ.

ಕನಕರಾಯ


ದೇವದುರ್ಗ
2 ಫೆಬ್ರವರಿ 2025

ಮಾವಾ,

ಕಾಗದದಾಗ ನೀವು ಬರೀಲಾರದ್ದು ಫೋಟೋದಾಗ ಬಂತು.

ಸೇತುವಿ ಮ್ಯಾಲ ನಿಂತೀರಿ, ಹಿಂದ ಹೊಳಿ ಅದ, ತಲಿ ಮ್ಯಾಲ ಕರೀ ಕಂಬಳಿ ಕೊಪ್ಪಿ ಅದ. ಅಕ್ಕ ಹಾಕಿಸಿದ ಅಂಚಿನ ಕೆಂಪು ಎಳಿ ಸೈತ ಕಾಣಾಕತ್ತೇದ. ಕಾವ್ಯಾ ಮೊದ್ಲು ನಕ್ಕಳು, ‘ದೊಡ್ಡಪ್ಪ ನೋಡ ಬೇ, ಅಲ್ಲೂ ಕುರಿ ಕಾಯಾಕ ಹೋದಂಗ ನಿಂತಾನ’ ಅಂದಳು. ಆಮ್ಯಾಲ ಫೋಟೋ ಗ್ವಾಡಿ ಮಾಡದಾಗ ಇಟ್ಟು ಒಳಗ ಹೋದಳು.

ಇರ್ಲಿ. ಅದು ನಿಮ್ಮ ಹಂತ್ಯಾಕನ ಇರ್ಲಿ. ಯಂಕಣ್ಣಗ ಇನ್ನೊಂದು ನೇಯಾಕ ಹೇಳೀವಿ. ಈ ಮಾತು ಇಲ್ಲಿಗಿ ಮುಗೀತು.

ನೀವು ಲಗ್ನಕ್ಕ ಬರ್ತೀರೋ ಇಲ್ಲೋ, ಅದನ್ನಷ್ಟು ಬರೀರಿ.

ಲಲಿತಾ


ಶ್ರೀನಗರ
10 ಫೆಬ್ರವರಿ 2025

ಲಲಿತಾ,

ನಿನ್ನ ಪತ್ರ ಸಣ್ಣದಿತ್ತು. ‘ಈ ಮಾತು ಇಲ್ಲಿಗಿ ಮುಗೀತು’ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಸಿಟ್ಟಾದದ್ದು ನ್ಯಾಯವೇ. ಕೂಸಿನ ವಸ್ತು ಹೊದ್ದುಕೊಂಡು ದೇಶಾಂತರ ಬಂದವನಿಗೆ ಇನ್ನೇನು ಬರೆಯುತ್ತೀ. ಬೇರೆ ಕಂಬಳಿಗೆ ಹೇಳಿದ್ದು ಒಳ್ಳೆಯದಾಯಿತು. ಇದು ಇನ್ನು ಲಗ್ನಕ್ಕೆ ಬಾರದು.

ಏನಾಯಿತೆಂದು ಹೇಳುತ್ತೇನೆ. ಕಳೆದ ಸೋಮವಾರ ಬಿಸಿಲು ಬಂದಿತ್ತು. ಸರೋವರದ ಪಕ್ಕದ ಗುಡ್ಡದ ಮೇಲೆ ಹಳೆಯ ಕಲ್ಲಿನ ಶಿವಾಲಯವಿದೆ. ಅಲ್ಲಿಗೆ ಹೊರಟೆ. ಅವತ್ತು ಬೆಳಿಗ್ಗೆಯೇ ಕಂಬಳಿಯ ಮೇಲೆ ಉಪ್ಪಿನ ಚಹಾ ಚೆಲ್ಲಿಕೊಂಡಿದ್ದೆ, ಒದ್ದೆ ಆರಲೆಂದು ಕೋಣೆಯಲ್ಲೇ ಹರವಿ ಹೋದೆ. ಗುಡಿಯಲ್ಲಿ ನಾನು, ಕಾವಲಿನ ಒಬ್ಬ ಸಿಪಾಯಿ, ಶಿವ, ಮೂವರೇ. ಇಡೀ ಊರು ಕೆಳಗೆ ಕಾಣುತ್ತಿತ್ತು. ಬಾಲಮ್ಮನ ಹೆಸರಿನಲ್ಲಿ ಒಂದು ಕಾಯಿ ಒಡೆಸಬೇಕೆಂದುಕೊಂಡಿದ್ದೆ, ಈ ಚಳಿಯಲ್ಲಿ ಎಲ್ಲಿಯ ತೆಂಗಿನಕಾಯಿ. ಸಕ್ಕರೆಯ ಉಂಡೆ ಇಟ್ಟು ಬಂದೆ.

ಮನೆಗೆ ಬಂದರೆ ಕೋಣೆಯಲ್ಲಿ ಕಂಬಳಿ ಇಲ್ಲ. ಇಲ್ಲಿಯ ಹಳೇ ಮನೆಗಳಲ್ಲಿ ಹಮಾಮ್ ಎಂದು ಒಂದು ಕೋಣೆ ಇರುತ್ತದೆ. ಕಲ್ಲಿನ ನೆಲದ ಕೆಳಗೆ ಕಟ್ಟಿಗೆಯ ಉರಿ. ನೀರೂ ಕಾಯುತ್ತದೆ, ಚಳಿಗಾಲದಲ್ಲಿ ಮನೆಯವರು ಅಲ್ಲೇ ಕೂರುತ್ತಾರೆ. ಹೋಗಿ ನೋಡಿದರೆ ಬಾಲಮ್ಮನ ಕಂಬಳಿ ಆ ನೆಲದ ತುಂಬ ಹರಡಿದೆ, ಒದ್ದೆ. ಝೂನ ದೇದ್ ಮಂಡಿಯೂರಿ ಅಂಗೈಯಿಂದ ಅದರ ಸುಕ್ಕು ಬಿಡಿಸುತ್ತಿದ್ದಾಳೆ. ಅಂಟುವಾಳದ ನೀರಿನಲ್ಲಿ ತೊಳೆದಿದ್ದಳು.

ಲಲಿತಾ, ಆ ಕಂಬಳಿಯನ್ನು ನಾನು ಒಂದು ಸಲವೂ ತೊಳೆದಿರಲಿಲ್ಲ. ಯಾಕೆಂದು ನಿನಗೆ ಬರೆಯಬೇಕು. ಕೊನೆಯ ಜ್ವರದಲ್ಲಿ ಬಾಲಮ್ಮ ನಡುಗುತ್ತಿದ್ದಾಗ, ರಾಯಚೂರಿನ ಆ ಧಗೆಯಲ್ಲೂ ನಡುಗುತ್ತಿದ್ದಾಗ, ನಾನು ಟ್ರಂಕಿನಿಂದ ಇದನ್ನೇ ತೆಗೆದು ಹೊದಿಸಿದೆ. ‘ಇದು ಕೂಸಿಂದು ರೀ, ತೆಗೀರಿ’ ಎಂದಳು. ತೆಗೆಯಲಿಲ್ಲ. ಅವಳು ಹೋದ ಮೇಲೆ ಅದರಲ್ಲಿ ನೇಯುವಾಗ ಹಚ್ಚಿದ ಹುಣಸೆ ಬೀಜದ ಗಂಜಿಯ ವಾಸನೆ, ಒಲೆಯ ಹೊಗೆ, ಅವಳ ತಲೆಯೆಣ್ಣೆ ಎಲ್ಲ ಕೂಡಿ ಉಳಿದಿತ್ತು. ಮುಖದ ಮೇಲೆ ಎಳೆದುಕೊಂಡರೆ ನನಗೆ ನಿದ್ದೆ ಬರುತ್ತಿತ್ತು. ಅಷ್ಟೇ ಸಂಗತಿ. ಸೆಂಟಿಮೆಂಟಲ್ ಫೂಲ್ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಅನ್ನುತ್ತಿದ್ದರು, ಯಾರಿಗೆಂದು ಮರೆತಿದೆ.

ಮುದುಕಿಯ ಮೇಲೆ ಕೂಗಾಡಿದೆ. ಕನ್ನಡದಲ್ಲೇ ಕೂಗಾಡಿದೆ, ಉರ್ದು ಬಾಯಿಗೆ ಬರಲಿಲ್ಲ. ಅವಳು ಕೈ ಒರೆಸಿಕೊಂಡಳು. ಆಮೇಲೆ ಮಗನಿಗೆ ಮೆಲ್ಲಗೆ ಏನೋ ಹೇಳಿದಳು. ರಸೂಲ್ ನನಗೆ ತಿಳಿಸಿದ್ದು ಇದು: ಇದನ್ನು ನೂತವಳದು ಬಹಳ ಒಳ್ಳೆಯ ಕೈ. ಆ ಕೆಲಸವನ್ನು ಇಂಥ ಕೊಳೆಯಲ್ಲಿ ನೋಡಿದ್ದರೆ ಅವಳೇ ನಾಚಿಕೊಳ್ಳುತ್ತಿದ್ದಳು. ಅವಳ ಪರವಾಗಿ ನಾನು ತೊಳೆದೆ.

ನಾಲ್ಕು ದಿನಕ್ಕೆ ಒಣಗಿತು. ಈಗ ಅದರಲ್ಲಿ ಏನೂ ಇಲ್ಲ. ಹಲಗೆಯಂತೆ ನಿಲ್ಲುತ್ತಿದ್ದದ್ದು ಶಾಲಿನಂತೆ ಬಾಗುತ್ತದೆ. ಮೂಗಿಗೆ ಹಿಡಿದರೆ ಬರೀ ಉಣ್ಣೆ. ಝೂನ ದೇದ್ ದಿನಾ ನನ್ನ ಬಾಗಿಲ ಬಳಿ ಚಹಾ ಇಟ್ಟು ಹೋಗುತ್ತಾಳೆ, ಎದುರಿಗೆ ಬರುವುದಿಲ್ಲ. ನಿನ್ನೆ ರಸೂಲ್ ಬಂದು, ‘ಚಾಚಾ, ಗುಸ್ಸಾ ನಕ್ಕೋ’ ಎಂದ, ಸಿಟ್ಟು ಬೇಡ ಎಂದು. ನನ್ನ ಮಾತನ್ನು ನನಗೇ ಹೇಳಿದ. ನಗಲು ಆಗಲಿಲ್ಲ.

ಲಗ್ನಕ್ಕೆ ನನ್ನನ್ನು ಕಾಯಬೇಡಿ. ಹಿಮ ಬಿದ್ದರೆ ರಸ್ತೆ ಯಾವಾಗ ಮುಚ್ಚುವುದೋ ತಿಳಿಯದು. ರಸ್ತೆ ತೆರೆದಿದ್ದರೂ ಆ ಹಂದರದಲ್ಲಿ ಬರಿಗೈಯಲ್ಲಿ ಹೇಗೆ ನಿಲ್ಲಲಿ? ಕಾವ್ಯಾಗೆ ನೀನೇ ತಿಳಿಸಿ ಹೇಳು.

ಕನಕರಾಯ


ದೇವದುರ್ಗ
17 ಫೆಬ್ರವರಿ 2025

ಮಾವಾ,

ಈ ಸಲ ಉದ್ದಕ ಬರೀತೀನಿ, ಕುಂತು ಓದ್ರಿ.

ಹೋದ ಕಾಗದ ಸಣ್ಣದಾಗಿದ್ದು ಸಿಟ್ಟಿಗಲ್ಲ. ಇನ್ನೊಂದು ಸಾಲು ಬರದ್ರ ಅಳು ಬರ್ತಿತ್ತು, ಹೆಸರು ಹಾಕಿ ಮುಗಿಸಿದೆ. ‘ಇಲ್ಲಿಗಿ ಮುಗೀತು’ ಅಂದಿದ್ದು ನೀವು ಅದನ್ನ ನಿಶ್ಚಿಂತಿಲಿ ಹೊದ್ಕೊಳ್ರಿ ಅಂತ. ನೀವು ಅದನ್ನ ಹಿಂಗ ಓದ್ತೀರಂತ ನನಗೇನ ಗೊತ್ತು?

ಬಸ್ಸಿಗಿ ಹೊತ್ತಾಗಿತ್ತು ಅಂದಿದ್ದೂ ಸುಳ್ಳು. ದಸರಾಕ್ಕ ಮುಂಚೆ ನಾ ಎರಡು ಸಲ ಬಂದಿದ್ದು ಈ ಕಂಬಳಿ ಮಾತು ಆಡಾಕ. ಆಗಿಂದನ ಕಾವ್ಯಾಗ ಹುಡುಗನ್ನ ನೋಡಾಕತ್ತಿದ್ವಿ. ನಮ್ಮ ಓಣಿ ಹಣಮಮ್ಮ ಅಜ್ಜಿ ಒಂದ ಸಮ ಹೇಳಾಕತ್ತಿದ್ದಳು: ಹೋಗೋ ಜೀವ ಹೊದ್ದದ್ದು, ಸೂತಕದಾಗ ಹೊದ್ದದ್ದು, ತೊಳೀದ ಹಂಗ ಗದ್ದಿಗಿಗಿ ಹಾಸಂಗಿಲ್ಲ, ನಿಮ್ಮ ಮಾವಗ ಹೇಳಿ ಇಸ್ಕೊಂಡು ಬಂದು ಕೃಷ್ಣಾ ಹೊಳ್ಯಾಗ ಜಾಲಿಸಿ ತರ್ರಿ ಅಂತ. ಹೇಳಬೇಕಂತ ಬಂದೆ. ನಿಮ್ಮ ಹಾಸಿಗಿ ಮ್ಯಾಲ ಅದನ್ನ ಮಡಿಚಿಟ್ಟಿದ್ರಿ. ಕೂಸು ಮಲಗಿದಂಗ ಮಡಿಚಿಟ್ಟಿದ್ರಿ. ಅದನ್ನ ನೋಡಿದ ಮ್ಯಾಲ ತೊಳೀರಿ ಅಂತ ಯಾವ ಬಾಯಿಲೆ ಹೇಳ್ಲಿ? ಅಕ್ಕನ್ನ ಇನ್ನೊಮ್ಮಿ ಕಳಿಸ್ರಿ ಅಂದಂಗ ಆಗ್ತಿತ್ತು. ಅದಕ್ಕ ಭಾಂಡೆ ತಿಕ್ಕಿಟ್ಟು ಬಂದೆ. ಎರಡನೇ ಸಲಾನೂ ಹಂಗ.

ಕೇಳೇ ಬಿಡೋಣಂತ ಸಂಕ್ರಮಣದಾಗ ಬರದೆ. ಫೋಟೋ ನೋಡಿದ ಮ್ಯಾಲ ಮನಸ್ಸು ಬರಲಿಲ್ಲ, ಯಂಕಣ್ಣನ ಕಡಿ ಹೋದೆ.

ಈಗ ನೋಡ್ರಿ. ನನಗ ಬಾಯಿ ಬರಲಿಲ್ಲ, ಹಣಮಮ್ಮಗ ನಿಮ್ಮ ಮುಂದ ಬರೋ ಧೈರ್ಯ ಇಲ್ಲ. ನಮ್ಮ ಪದ್ಧತಿ ಗೊತ್ತಿಲ್ಲದ, ನಮ್ಮ ಭಾಷಾ ಬರಲಾರದ ಒಬ್ಬಾಕಿ ಅಜ್ಜಿ ನಮ್ಮ ಮನಿ ಕೆಲಸ ಮುಗಿಸಿಟ್ಟಾಳ. ಅಕಿ ಅಂದಿದ್ದೂ ಖರೇ ಮಾವಾ. ಅಕ್ಕ ಇದ್ದಿದ್ರ ಆ ಕೊಳಿ ನೋಡಿ, ‘ಏನ್ರೀ ಇದು, ಯಾರರ ನೋಡಿದ್ರ ಏನಂತಾರ’ ಅಂತಿದ್ದಿಲ್ಲನು? ನೀವು ಕೂಗಾಡಿದ್ದಕ್ಕ ಆ ಅಜ್ಜಿ ಮುಂದ ಹೋಗಿ ತಪ್ಪಾತು ಅನ್ರಿ. ಕನ್ನಡದಾಗನ ಅನ್ರಿ, ತಿಳೀತದ.

ವಾಸನಿ ಹೋತು. ನನಗೂ ಅಳು ಬಂತು ಅದನ್ನ ಓದಿ. ಅದಕ್ಕ ಏನೂ ಬರೀಲಾರೆ.

ಕಂಬಳಿ ಕೆಟ್ಟಿಲ್ಲ. ಹಾಸಾಕ ತಯಾರಾಗೇದ. ತಗೊಂಡು ಬರ್ರಿ. ನೀವ ಹಾಸಬೇಕು.

ಲಲಿತಾ

ದೊಡ್ಡಪ್ಪ, ನಾನು ಕಾವ್ಯಾ. ಅವ್ವನ ಹಾಳಿ ಮುಗೀತು, ಕೆಳಗ ಬರೀತೀನಿ. ಯಂಕಣ್ಣ ಕಾಕಾ ನೇಯಾಕತ್ತಿರೋ ಹೊಸ ಕಂಬಳಿ ನಿಮಗ. ದೊಡ್ಡವ್ವಂದು ನನಗ. ಅಕಿ ಅದನ್ನ ಕೂಸಿಂದು ಅಂದಿದ್ದಳಂತ ನೀವ ಬರದೀರಿ. ನೀವು ಬರೂತನಕ ನಾ ಗದ್ದಿಗಿ ಮ್ಯಾಲ ಕೂಡಂಗಿಲ್ಲ, ಅಮೋಘಗೂ ಹೇಳೀನಿ. ಅವ ಹೂಂ ಅಂದಾನ. ಬರೇ ಹೂಂ ಅಂತಾನ ಅವ, ನಿಮ್ಮಂಗನ.


ರಾಯಚೂರು
12 ಮಾರ್ಚ್ 2025

ಲಲಿತವ್ವಾ,

ಈಗ ಫೋನು ನಡೆಯುತ್ತದೆ, ಮೊನ್ನೆ ತಾನೇ ಮಾನ್ವಿಯ ಹಂದರದಲ್ಲಿ ಎದುರುಬದುರು ಕೂತು ಉಂಡಿದ್ದೇವೆ. ಆದರೂ ಬರೆಯುತ್ತಿದ್ದೇನೆ. ಕೆಲವು ಮಾತು ನಮ್ಮಿಬ್ಬರಿಗೂ ಕಾಗದದಲ್ಲೇ ಬರುತ್ತವೆ ಎಂದು ಈ ಚಳಿಗಾಲದಲ್ಲಿ ಗೊತ್ತಾಯಿತು.

ಮೊದಲು ಶ್ರೀನಗರದ್ದು. ಹೊರಡುವ ದಿನ ನೀನು ಹೇಳಿದಂತೆ ಝೂನ ದೇದ್ ಮುಂದೆ ಕೂತು, ‘ತಪ್ಪಾತಬೇ ಯವ್ವಾ’ ಎಂದೆ. ರಸೂಲ್ ಅರ್ಥ ಹೇಳಲು ಬಾಯಿ ತೆರೆದ. ಮುದುಕಿ ಅವನಿಗೆ ‘ನಕ್ಕೋ’ ಎಂದಳು. ಆಮೇಲೆ ಕಂಬಳಿಯನ್ನು ತಾನೇ ಮಡಿಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ನನ್ನ ಹೆಗಲ ಮೇಲೆ ಇಟ್ಟಳು. ಕ್ಯಾಲೆಂಡರ್ ಅಲ್ಲೇ ಬಿಟ್ಟು ಬಂದೆ. ಅವಳಿಗೆ ಅದನ್ನು ಗೋಡೆಗೆ ಹಾಕಿ ದಿನಾ ಬೈಯಬೇಕಂತೆ.

ಲಗ್ನದ ದಿನ ಆ ಬಿಳಿ ಬಟ್ಟೆಯ ಗಂಟನ್ನು ನಾನೇ ಬಿಚ್ಚಿದೆ. ಹಾಸುವಾಗ ಒಂದು ಗಳಿಗೆ ನಿಂತೆ. ಹಣಮಮ್ಮ ಅಜ್ಜಿ ಹಿಂದಿನಿಂದ ‘ಹಾಸಪ್ಪಾ, ಹಾಸು’ ಎಂದಳು. ಹೊಸದಿದ್ದಾಗ ಆ ಕಂಬಳಿ ಹಾಸಿದರೂ ಮೂಲೆ ಎದ್ದು ನಿಲ್ಲುತ್ತಿತ್ತು. ಈಗ ಮಣೆಯ ಮೇಲೆ ನೀರಿನಂತೆ ಕೂತುಕೊಂಡಿತು. ಭಂಡಾರ ಬಿದ್ದಾಗ ಕರಿಯ ಮೇಲೆ ಹಳದಿ ಎಷ್ಟು ಚೊಕ್ಕವಾಗಿ ಕಂಡಿತು. ಆ ಎಳೆಗಳು ಅಷ್ಟು ಸಮವಾಗಿವೆ ಎಂದು ಎರಡು ವರ್ಷ ಹೊದ್ದ ನನಗೇ ಗೊತ್ತಿರಲಿಲ್ಲ. ಕಾವ್ಯಾ ಕೂರುವ ಮೊದಲು ಒಂದು ಸಲ ಅಂಗೈಯಿಂದ ಸವರಿದಳು, ನೋಡಿದೆಯಾ? ಬಾಲಮ್ಮ ನೂಲು ಸವರುತ್ತಿದ್ದ ಹಾಗೆಯೇ.

ಸಂಜೆ ಅವರಿಬ್ಬರೂ ಕುರ್ಡಿಗೆ ಹೊರಟಾಗ ಕಂಬಳಿ ಕಾರಿನ ಹಿಂದಿನ ಸೀಟಿನಲ್ಲಿತ್ತು. ನಾನು ಕಿಟಕಿಯಲ್ಲಿ ಇಣುಕಿ ಸುಮ್ಮನೆ ಅದರ ಮೇಲೆ ಕೈಯಿಟ್ಟು ತೆಗೆದೆ. ಅಮೋಘಸಿದ್ದ ನೋಡಿದ. ‘ಚಂದಾಗಿ ಇಟ್ಕೊಂತೀವ್ರಿ’ ಎಂದ. ಹುಡುಗ ಹೂಂ ಬಿಟ್ಟು ಬೇರೆಯದನ್ನೂ ಮಾತಾಡುತ್ತಾನೆ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಆ ಪ್ರಬಂಧದ ಕೊನೆಯ ಸಾಲು ತಾನಾಗಿ ಬಂತು. ‘ವಿ ರಿಟರ್ನ್ಡ್ ಹೋಮ್ ಟಯರ್ಡ್ ಬಟ್ ಹ್ಯಾಪಿ.’ ದಣಿದು, ಆದರೆ ಸಂತೋಷದಿಂದ ಮನೆಗೆ ಮರಳಿದೆವು ಎಂದು ಅರ್ಥ. ನಡುವಿನ ಸಾಲುಗಳು ಇನ್ನೂ ನೆನಪಾಗಿಲ್ಲ. ನಿನಗೆ ಬರೆದದ್ದೇ ನಡುವಿನದೆಂದು ತಿಳಿದುಕೊಂಡಿದ್ದೇನೆ.

ಇನ್ನು ಹೊಸ ಕಂಬಳಿ. ಯಂಕಣ್ಣ ಕೊಟ್ಟ ಗಂಟನ್ನು ನಿನ್ನೆ ಬಿಚ್ಚಿದೆ. ಹಲಗೆಯಂತೆ ನಿಂತುಕೊಂಡಿತು. ಹುಣಸೆ ಬೀಜದ ಗಂಜಿ ಗಮ್ಮೆಂದಿತು. ಆದರೆ ಅದು ಬಾಲಮ್ಮನ ವಾಸನೆ ಅಲ್ಲ, ಗಂಜಿಯದು ಅಷ್ಟೇ. ಮೇಲೆ ಯಂಕಣ್ಣನ ಬೀಡಿಯದು. ಮೈಗೆ ಚುಚ್ಚುತ್ತದೆ. ಬಾಲಮ್ಮನದೂ ಮೊದಲು ಚುಚ್ಚುತ್ತಿತ್ತು.

ನೂಲು ಯಾರದೆಂದು ನೀನು ಬರೆಯಲಿಲ್ಲ. ಯಂಕಣ್ಣನನ್ನು ಕೇಳಿದರೆ ಆ ಮಾತು ಬಿಟ್ಟು ಬೇರೆಲ್ಲ ಹೇಳಿದ. ಹೊದ್ದು ಮಲಗಿ ಅಂಚಿನಿಂದ ಕೈಯಾಡಿಸುತ್ತ ಬಂದೆ. ಗೇಣಿಗೊಂದು ಉಬ್ಬು ಕೈಗೆ ಸಿಗುತ್ತದೆ, ಲಲಿತವ್ವಾ. ಹುಣಸೀಕಾಯಿಯ ಹಾಗೆ.

ಒಳ್ಳೆಯ ನಿದ್ದೆ ಬಂತು.

ಕನಕರಾಯ